ಮೊದಲ ಸರ್ಕಾರಕ್ಕೆ ಓಟು ಹಾಕಿದವರು ಯಾರು?

ಸ್ವಾತಂತ್ರ್ಯೋತ್ತರ ಭಾರತದ ಪಾಠ ನಡೆಯುತ್ತಿದ್ದಾಗ ಹತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಆಗಸ್ಟ್ 15ಕ್ಕೆ ನೆಹರೂ ಪ್ರಧಾನಿ ಆದರಲ್ಲ, ಅವರಿಗೆ ಓಟು ಹಾಕಿದವರು ಯಾರು?" ಎಂದು ಕೇಳಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಅಂದು ಅರ್ಧಕ್ಕೆ ನಿಂತ ಉತ್ತರವನ್ನು ನಮ್ಮ ಶಾಲೆಯ ಈ ಸುವರ್ಣ ಸಂಚಿಕೆಯಲ್ಲಿ ಪೂರ್ತಿ ಮಾಡುತ್ತಿದ್ದೇನೆ.

ನಿಜ ಹೇಳಬೇಕೆಂದರೆ, ಜನಸಾಮಾನ್ಯರು ಆ ಸರ್ಕಾರಕ್ಕೆ ಓಟು ಹಾಕಿರಲಿಲ್ಲ. 1946ರಲ್ಲಿ ಬ್ರಿಟಿಷ್ ಪ್ರಾಂತ್ಯಗಳ ಶಾಸಕರು ಸಂವಿಧಾನ ರಚನಾ ಸಭೆಗೆ ಸದಸ್ಯರನ್ನು ಆರಿಸಿದರು. ಆ ಶಾಸಕರನ್ನು ಆರಿಸುವ ಹಕ್ಕು ಇದ್ದದ್ದಾದರೂ ಆಸ್ತಿ, ತೆರಿಗೆ, ವಿದ್ಯೆಯ ಅರ್ಹತೆ ಪಡೆದ ಕೆಲವರಿಗೆ ಮಾತ್ರ. ಅದೇ ವರ್ಷ ಸೆಪ್ಟೆಂಬರ್ 2ರಂದು ನೆಹರೂ ಮುಂದಾಳತ್ವದಲ್ಲಿ ಮಧ್ಯಂತರ ಸರ್ಕಾರ ಬಂತು. ಅದರ ಮೇಲೆ ವೈಸರಾಯ್ ಇದ್ದೇ ಇದ್ದರು.

1947ರ ಆಗಸ್ಟ್ 15ರಂದು ಸ್ವಾತಂತ್ರ್ಯ ಬಂದಾಗ ನಮ್ಮದೇ ಸಂವಿಧಾನ ಸಿದ್ಧವಾಗಿರಲಿಲ್ಲ. ಹೊಸ ಮನೆ ಏಳುವವರೆಗೆ ಹಳೆಯ ಮನೆಯಲ್ಲೇ ಒಲೆ ಹಚ್ಚಿದ ಹಾಗೆ, ಬ್ರಿಟಿಷರ 1935ರ ಕಾಯಿದೆಯನ್ನೇ ತಿದ್ದಿ ಆಡಳಿತ ನಡೆಸಲಾಯಿತು. ಸಂವಿಧಾನ ರಚನಾ ಸಭೆಯೇ ಸಂಸತ್ತಿನ ಕೆಲಸವನ್ನೂ ಮಾಡಿತು.

ಮೊದಲ ಮಂತ್ರಿಮಂಡಲದಲ್ಲಿ ನೆಹರೂ ಸೇರಿ 14 ಮಂದಿ ಇದ್ದರು. ಗೃಹ ಖಾತೆ ಸರ್ದಾರ್ ಪಟೇಲರಿಗೆ, ಶಿಕ್ಷಣ ಮೌಲಾನಾ ಆಜಾದರಿಗೆ, ಆರೋಗ್ಯ ರಾಜಕುಮಾರಿ ಅಮೃತ್ ಕೌರ್ ಅವರಿಗೆ. ಇವರೆಲ್ಲ ಕಾಂಗ್ರೆಸ್ಸಿನವರು. ಆದರೆ ಕಾಂಗ್ರೆಸ್ಸನ್ನು ಕಟುವಾಗಿ ಟೀಕಿಸುತ್ತಿದ್ದ ಡಾ. ಬಿ.ಆರ್. ಅಂಬೇಡ್ಕರ್ ಕಾನೂನು ಮಂತ್ರಿಯಾದರು. ಹಿಂದೂ ಮಹಾಸಭಾದ ಶ್ಯಾಮಪ್ರಸಾದ ಮುಖರ್ಜಿ, ಜಸ್ಟಿಸ್ ಪಕ್ಷದ ಹಿನ್ನೆಲೆಯ ಷಣ್ಮುಖಂ ಚೆಟ್ಟಿ ಕೂಡ ಮಂತ್ರಿಗಳಾದರು. ದೇಶ ಇಬ್ಭಾಗವಾಗಿ ನಿರಾಶ್ರಿತರು ಲಕ್ಷ ಲಕ್ಷ ಸಂಖ್ಯೆಯಲ್ಲಿ ಬರುತ್ತಿದ್ದ ಹೊತ್ತಿನಲ್ಲಿ ಎದುರಾಳಿಗಳೂ ಒಂದೇ ಮೇಜಿನ ಸುತ್ತ ಕುಳಿತರು.

ನಮ್ಮ ಮೈಸೂರು ಸಂಸ್ಥಾನದ ಕಥೆ ಬೇರೆ. ಮಹಾರಾಜರು ಭಾರತಕ್ಕೆ ಸೇರಲು ಒಪ್ಪಿದ್ದರೂ ಇಲ್ಲಿ ದಿವಾನರ ಆಡಳಿತವೇ ಮುಂದುವರಿದಿತ್ತು. ಜವಾಬ್ದಾರಿ ಸರ್ಕಾರ ಬೇಕೆಂದು ಸೆಪ್ಟೆಂಬರಿನಲ್ಲಿ 'ಮೈಸೂರು ಚಲೋ' ಚಳವಳಿ ಆರಂಭವಾಯಿತು. ವಿದ್ಯಾರ್ಥಿಗಳೂ ತರಗತಿ ಬಿಟ್ಟು ಬೀದಿಗಿಳಿದರು. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾದರು.

ಸಂವಿಧಾನ 1950ರ ಜನವರಿ 26ರಂದು ಜಾರಿಗೆ ಬಂತು. 21 ವರ್ಷ ತುಂಬಿದ ಪ್ರತಿಯೊಬ್ಬರಿಗೂ, ಆಸ್ತಿ ಕೇಳದೆ, ಅಕ್ಷರ ಕೇಳದೆ, ಅದು ಮತದ ಹಕ್ಕು ಕೊಟ್ಟಿತು. ಆಗ ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಜನಕ್ಕೆ ಓದು ಬರಹ ಬರುತ್ತಿರಲಿಲ್ಲ. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರ ಮುಂದಿದ್ದ ಮತದಾರರು 17 ಕೋಟಿಗೂ ಹೆಚ್ಚು. ಪ್ರತಿ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ ಇಟ್ಟು ಅದರ ಮೇಲೆ ಚಿಹ್ನೆ ಅಂಟಿಸಿದರು. ಚಿಹ್ನೆ ನೋಡಿ ಚೀಟಿ ಹಾಕಿದರೆ ಸಾಕಿತ್ತು.

ಆದರೂ ಕೊರತೆ ಉಳಿಯಿತು. ಅನೇಕ ಹೆಂಗಸರು ಪಟ್ಟಿಯಲ್ಲಿ ತಮ್ಮ ಹೆಸರು ಹೇಳದೆ "ಇಂಥವರ ಹೆಂಡತಿ", "ಇಂಥವರ ತಾಯಿ" ಎಂದಷ್ಟೇ ಬರೆಸಿದ್ದರು. ಸ್ವಂತ ಹೆಸರಿಲ್ಲದೆ ಮತವಿಲ್ಲ ಎಂದು ಸೇನರು ಪಟ್ಟು ಹಿಡಿದದ್ದರಿಂದ ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಗುಳಿದರು.

1951ರ ಅಕ್ಟೋಬರಿನಿಂದ 1952ರ ಫೆಬ್ರವರಿವರೆಗೆ ಮತದಾನ ನಡೆಯಿತು. 489 ಸ್ಥಾನಗಳಲ್ಲಿ ಕಾಂಗ್ರೆಸ್ 364 ಗೆದ್ದಿತು. ನೆಹರೂ ಮತ್ತೆ ಪ್ರಧಾನಿಯಾದರು. ಕುರ್ಚಿ ಅದೇ ಆದರೂ ಈ ಸಲ ಅಲ್ಲಿ ಕೂರಿಸಿದವರು ಜನ.

ಮಗೂ, ನಿನ್ನ ಪ್ರಶ್ನೆಗೆ ಉತ್ತರ ಇದು: ಜನ ಓಟು ಹಾಕದೆ ಬಂದ ಸರ್ಕಾರ ಐದು ವರ್ಷದೊಳಗೆ ಎಲ್ಲರ ಕೈಗೂ ಓಟು ಕೊಟ್ಟು, ಅವರ ತೀರ್ಪಿಗೆ ತಲೆಬಾಗಿ ನಿಂತಿತು. ಚುನಾವಣೆ ಬಂದಾಗ ನಮ್ಮ ಶಾಲೆಯ ಕೊಠಡಿಗಳೇ ಮತಗಟ್ಟೆಯಾಗುವುದನ್ನು ನೀನು ನೋಡಿದ್ದೀಯ. ಊರಿನಲ್ಲಿ ತೊಂಬತ್ತು ದಾಟಿದ ಅಜ್ಜ ಅಜ್ಜಿಯರಿದ್ದರೆ, ತಮ್ಮ ಮೊದಲ ಓಟಿನ ದಿನ ಹೇಗಿತ್ತೆಂದು ಕೇಳಿ ಬರೆದಿಡು. ಆ ಬರಹವೂ ಇತಿಹಾಸವೇ.