ಬೇಡ್ತಿ ಕಣಿವೆಯ ಲೆಕ್ಕ

ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯೂ ಹುಬ್ಬಳ್ಳಿಯ ಕಡೆಯಿಂದ ಹರಿದುಬರುವ ಬೇಡ್ತಿಯೂ ಕಲಘಟಗಿಯ ಪರಿಸರದಲ್ಲಿ ಒಂದಾಗುತ್ತವೆ. ವರ್ಷಕ್ಕೆ ಸುಮಾರು 80 ಸೆಂಟಿಮೀಟರ್ ಮಳೆ ಕಾಣುವ ಬಯಲಿನಿಂದ ಹೊರಟ ಈ ನದಿಯು, ಅದರ ಮೂರು ಪಟ್ಟು ಮಳೆ ಸುರಿಯುವ ಯಲ್ಲಾಪುರದ ಕಾಡನ್ನು ಹೊಕ್ಕು, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂಬ ಹೆಸರಿನಿಂದ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಶಿರಸಿ ಸೀಮೆಯ ಮತ್ತೊಂದು ಶಾಲ್ಮಲೆಯೂ ಇದರ ಉಪನದಿಯೇ. ಅದರ ಸಮೀಪದ ಸೋಂದೆಯ ಜೈನಮಠವನ್ನು ಓದುಗರು ಬಲ್ಲರು. ಅವಳಿ ನಗರದ ನಿವಾಸಿಗಳಿಗೆ ಘಟ್ಟದ ಕಾಡು ದೂರದ್ದೆಂದು ತೋರಬಹುದು. ಆದರೆ ಹುಬ್ಬಳ್ಳಿಯ ಚರಂಡಿಗಳ ನೀರು ಸಾಗುವುದು ಆ ದಿಕ್ಕಿಗೇ.

ಈ ಕಣಿವೆಯಲ್ಲಿ ಅಣೆಕಟ್ಟು ಕಟ್ಟಿ 210 ಮೆಗಾವ್ಯಾಟ್ ವಿದ್ಯುತ್ತನ್ನು ಉತ್ಪಾದಿಸುವ ಯೋಜನೆಯು 1970ರ ದಶಕದ ಕೊನೆಗೆ ರೂಪುಗೊಂಡಿತು. ಅದನ್ನು ಮೊದಲು ಪ್ರಶ್ನಿಸಿದವರು ಅಡಿಕೆ ತೋಟಿಗರು. ಅದಕ್ಕೆ ಕಾರಣವೂ ಉಂಟು. ತೋಟಕ್ಕೆ ಬೇಕಾದ ಸೊಪ್ಪು, ದರಕು, ನೀರು ಎಲ್ಲವೂ ಸುತ್ತಲಿನ ಬೆಟ್ಟದಿಂದಲೇ ಬರಬೇಕು. ಕಾಡು ಮುಳುಗಿದರೆ ತೋಟ ಉಳಿಯದು. (ಸೊಪ್ಪಿನ ಬೆಟ್ಟಗಳನ್ನು ಅತಿಯಾಗಿ ಸವರಿ ಬೋಳು ಮಾಡಿದ ತೋಟಿಗರೂ ಇದ್ದರೆಂಬುದನ್ನು ಮರೆಮಾಚಲಾಗದು.) 1923ರಲ್ಲಿ ಸ್ಥಾಪಿತವಾದ ಶಿರಸಿಯ ತೋಟಗಾರ್ಸ್ ಸಹಕಾರಿ ಮಾರಾಟ ಸಂಘವು ಕೇವಲ ಮನವಿ ಸಲ್ಲಿಸಿ ಸುಮ್ಮನಾಗಲಿಲ್ಲ. ಮಾಧವ ಗಾಡ್ಗೀಳರಂಥ ವಿಜ್ಞಾನಿಗಳ ನೆರವು ಪಡೆದು, 1981ರ ಜನವರಿಯಲ್ಲಿ ವಿಚಾರಸಂಕಿರಣವನ್ನೇರ್ಪಡಿಸಿ, ಯೋಜನೆಯ ಲಾಭನಷ್ಟಗಳನ್ನು ಪರಿಶೀಲನೆಗೊಡ್ಡಿತು. ಅಡಿಕೆ ಮಾರುವ ಸಂಘವೊಂದು ಕಾಡಿನ ಲೆಕ್ಕಪತ್ರ ಕೇಳಿದ್ದು ನಾಡಿನ ಸಹಕಾರ ಚರಿತ್ರೆಯಲ್ಲಿ ಅಪರೂಪದ ಸಂಗತಿ.

ಕಾಡಿನ ಬೆಲೆಯನ್ನು ಮರಮುಟ್ಟಿನಿಂದಷ್ಟೇ ಅಳೆಯಲು ಬಾರದು. ಬಿರುಮಳೆಯ ಹೊಡೆತವನ್ನು ಎಲೆಗಳ ಚಪ್ಪರ ಮೊದಲು ತಡೆಯುತ್ತದೆ. ನೆಲದ ದರಕು ಆ ನೀರನ್ನು ನಿಧಾನವಾಗಿ ಹೀರಿ ಮಣ್ಣಿಗಿಳಿಸುತ್ತದೆ. ಬೇಸಗೆಯ ಒರತೆಗಳಿಗೆ ಅದೇ ಆಧಾರ. ಇಲ್ಲಿಯ ಮಂಗಟ್ಟೆ ಹಕ್ಕಿಯ ಬಾಳು ಇನ್ನೂ ಸೂಕ್ಷ್ಮ. ಹೆಣ್ಣು ಹಳೆಯ ಹೆಮ್ಮರದ ಪೊಟರೆಯೊಳಗೆ ಸೇರಿ ಬಾಗಿಲನ್ನು ಮೆತ್ತಿಕೊಳ್ಳುತ್ತದೆ. ಗಂಡು ತಂದುಕೊಡುವ ಹಣ್ಣೇ ಅದಕ್ಕೂ ಮರಿಗೂ ಆಹಾರ. ಹಣ್ಣಿನ ಬೀಜಗಳು ಈ ಹಕ್ಕಿಯಿಂದಲೇ ಕಾಡಿನಲ್ಲೆಲ್ಲ ಹರಡುತ್ತವೆ. ಪೊಟರೆಯುಳ್ಳ ಮುದಿ ಮರವನ್ನು ಕಡಿದು ಹತ್ತು ಸಸಿಗಳನ್ನು ನೆಟ್ಟರೂ ಆ ಗೂಡು ಮರಳದು.

ಮುಂದೆ ಬೇಡ್ತಿ ಯೋಜನೆಯನ್ನು ಕೈಬಿಡಲಾಯಿತು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನಪ್ಪಿ ನಿಂತು ಅಪ್ಪಿಕೋ ಚಳವಳಿಯನ್ನು ಆರಂಭಿಸಿದರು. 2011ರಲ್ಲಿ ಕಣಿವೆಯ ಒಂದು ಭಾಗ ಬೇಡ್ತಿ ಸಂರಕ್ಷಣಾ ಮೀಸಲು ಎಂದು ಘೋಷಿತವಾಯಿತು.

ಈಗ ಬೇಡ್ತಿಯ ನೀರನ್ನು ವರದೆಗೆ ತಿರುಗಿಸಿ ಬಯಲುಸೀಮೆಗೆ ಒಯ್ಯುವ ಪ್ರಸ್ತಾಪವಿದೆ. ಬಯಲಿನ ನೀರಡಿಕೆಯೇನೂ ಸುಳ್ಳಲ್ಲ. ಹುಬ್ಬಳ್ಳಿ-ಧಾರವಾಡದವರಿಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ. ಘಟ್ಟದ ರೈತರು ಮಾತ್ರ 1981ರ ಪ್ರಶ್ನೆಯನ್ನೇ ಮತ್ತೆ ಕೇಳುತ್ತಿದ್ದಾರೆ: ನಷ್ಟದ ಪುಟದಲ್ಲಿ ಏನೇನು ಬರೆದಿದ್ದೀರಿ?