ನೀರಿನ ಜಾಡು, ಜಂತುವಿನ ಜಾಡು: ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಜಂತುನಾಶಕ ಬಳಕೆಯ ವಿವೇಚನೆ

1997ರಲ್ಲಿ ದಾವಣಗೆರೆ ಜಿಲ್ಲೆ ರೂಪುಗೊಂಡಾಗ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿಗಳೂ ಚಿತ್ರದುರ್ಗದಿಂದ ಜಗಳೂರೂ ಬಂದು ಸೇರಿದವು. ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿ ಅನಂತರ ಪ್ರತ್ಯೇಕ ತಾಲ್ಲೂಕಾಯಿತು. ಆಡಳಿತ ಒಂದಾಯಿತಾದರೂ ನೆಲದ ಗುಣ ಬೇರೆಯಾಗಿಯೇ ಉಳಿಯಿತು. ಚನ್ನಗಿರಿಗೆ ಸೂಳೆಕೆರೆ ಮತ್ತು ಭದ್ರಾ ನಾಲೆಯ ನೀರಿದೆ, ಹೊನ್ನಾಳಿಗೆ ತುಂಗಭದ್ರೆಯ ದಂಡೆಯಿದೆ. ಜಗಳೂರು ಮಳೆಯನ್ನೇ ನಂಬಿದ, ಕುರಿ-ಮೇಕೆಗಳ ಬಯಲುಸೀಮೆ. ಜಾನುವಾರುಗಳ ಜಂತುಬಾಧೆಯನ್ನು ಗಡಿರೇಖೆಗಿಂತ ನೀರಿನ ಜಾಡು ಹೆಚ್ಚು ನಿರ್ಧರಿಸುತ್ತದೆ. ಆದ್ದರಿಂದ ಜಿಲ್ಲೆಗೆಲ್ಲ ಒಂದೇ ತಿಂಗಳು, ಒಂದೇ ಔಷಧಿ ಎಂಬ ಕ್ರಮ ಜೀವಶಾಸ್ತ್ರಕ್ಕೆ ವಿರುದ್ಧವಾದುದು ಎಂಬುದು ಈ ಲೇಖನದ ವಾದ.

ಮೊದಲು ನೀರಾವರಿ ಭಾಗವನ್ನು ನೋಡೋಣ. ದನ, ಎಮ್ಮೆಗಳ ಪಿತ್ತಜನಕಾಂಗಕ್ಕೆ ನುಗ್ಗುವ ಫ್ಯಾಸಿಯೋಲ ಜೈಜಾಂಟಿಕ ಎಂಬ ಚಪ್ಪಟೆಹುಳುವಿಗೆ ಲಿಮ್ನಿಯ ಜಾತಿಯ ಬಸವನಹುಳು ಬೇಕೇ ಬೇಕು. ಸಗಣಿಯಲ್ಲಿ ಹೊರಬಿದ್ದ ಮೊಟ್ಟೆ ನೀರಿನಲ್ಲಿ ಒಡೆದು, ಮರಿ ಬಸವನಹುಳುವಿನೊಳಗೆ ಬೆಳೆದು ಸಂಖ್ಯೆ ಹೆಚ್ಚಿಸಿಕೊಂಡು ಹೊರಬರುತ್ತದೆ. ನಾಲೆಯಂಚಿನ ಹುಲ್ಲಿಗೂ ಗದ್ದೆಯ ಪೈರಿನ ಬುಡಕ್ಕೂ ಅಂಟಿ ಕೋಶ ಕಟ್ಟಿಕೊಳ್ಳುತ್ತದೆ. ಜಠರದ ಚಪ್ಪಟೆಹುಳುಗಳಿಗೂ, ದನಗಳಲ್ಲಿ ಗೊರಕೆ ರೋಗ ತರುವ ಸಿಸ್ಟೊಸೋಮ ನೇಸೇಲಿಗೂ ಬಸವನಹುಳುವೇ ಆಸರೆ. ಹೀಗಾಗಿ ಚನ್ನಗಿರಿ, ಹೊನ್ನಾಳಿಗಳ ಗದ್ದೆ ಬಯಲಿನಲ್ಲೂ ನ್ಯಾಮತಿಯ ಕೆರೆಯಂಗಳಗಳಲ್ಲೂ ನೀರು ನಿಂತಷ್ಟು ಕಾಲ ಸೋಂಕಿನ ಮೂಲ ಬತ್ತುವುದಿಲ್ಲ. ಔಷಧಿ ಕುಡಿಸಿದ ಮರುದಿನವೇ ದನವನ್ನು ಅದೇ ಜೌಗಿಗೆ ಮೇಯಲು ಬಿಟ್ಟರೆ ಫಲ ಅಲ್ಪ. ಹುಲ್ಲನ್ನು ಚೆನ್ನಾಗಿ ಒಣಗಿಸಿ ಹಾಕುವುದು, ಕುಡಿಯುವ ನೀರಿಗೆ ತೊಟ್ಟಿ ಕಟ್ಟುವುದು ಇಲ್ಲಿ ಔಷಧಿಯಷ್ಟೇ ಮುಖ್ಯ.

ಜಗಳೂರಿನ ಕುರಿಮಂದೆಯ ಕಥೆ ಬೇರೆ. ಅಲ್ಲಿಯ ಮುಖ್ಯ ಶತ್ರು ನಾಲ್ಕನೆಯ ಹೊಟ್ಟೆಯಲ್ಲಿ ರಕ್ತ ಹೀರುವ ಹಿಮಾಂಕಸ್ ಕಂಟಾರ್ಟಸ್. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ಹೀರುತ್ತದೆ. ಸಾವಿರ ಹುಳುಗಳಿದ್ದರೆ ನಷ್ಟ 50 ಮಿಲಿಲೀಟರ್. ಕಣ್ಣಿನ ಒಳರೆಪ್ಪೆ ಬಿಳಿಚಿ, ದವಡೆಯ ಕೆಳಗೆ ನೀರು ತುಂಬಿ ಕುರಿ ಸಾಯುತ್ತದೆ. ಮಳೆ ಬಿದ್ದ ಬೆಚ್ಚನೆಯ ದಿನಗಳಲ್ಲಿ ಇದರ ಮರಿಗಳು ಹುಲ್ಲೇರುತ್ತವೆ. ಬೇಸಿಗೆಯಲ್ಲಿ ನೆಲದ ಮೇಲಿರುವವು ಬಹುಪಾಲು ಒಣಗಿ ಸಾಯುತ್ತವೆ. ಸೂಕ್ಷ್ಮವಿರುವುದು ಇಲ್ಲಿಯೇ. ಬಿರುಬೇಸಿಗೆಯಲ್ಲಿ ಹುಳುಗಳ ಸಂತಾನ ಉಳಿದಿರುವುದು ಹೆಚ್ಚಾಗಿ ಕುರಿಗಳ ಹೊಟ್ಟೆಯಲ್ಲಿ ಮಾತ್ರ. ಆಗ ಇಡೀ ಮಂದೆಗೆ ಔಷಧಿ ಹಾಕಿದರೆ ಅದಕ್ಕೆ ಜಗ್ಗದ ಹುಳುಗಳಷ್ಟೇ ಬದುಕುಳಿದು ಮುಂದಿನ ಮಳೆಗಾಲದ ಮೇವನ್ನೆಲ್ಲ ತಮ್ಮ ಸಂತತಿಯಿಂದ ತುಂಬುತ್ತವೆ. ಥಯಾಬೆಂಡಜೋಲ್ ಎಂಬ ಜಂತುನಾಶಕ 1961ರಲ್ಲಿ ಬಳಕೆಗೆ ಬಂದು ಕೆಲವೇ ವರ್ಷಗಳಲ್ಲಿ ಹಿಮಾಂಕಸ್ ಅದಕ್ಕೆ ನಿರೋಧ ತೋರಿದ್ದನ್ನು ಮರೆಯಲಾಗದು.

ಪರೀಕ್ಷಿಸಿ, ಅಗತ್ಯವಿರುವ ಪ್ರಾಣಿಗಳಿಗಷ್ಟೇ ಔಷಧಿ ಕೊಡಬೇಕೆಂಬ ವಾದಕ್ಕೆ ಆಕ್ಷೇಪಗಳಿವೆ. ಸಾಮೂಹಿಕ ಶಿಬಿರ ಸುಲಭ, ಸಗಣಿ ಪರೀಕ್ಷೆ ಕಷ್ಟ ಎಂಬುದು ಮೊದಲನೆಯದು. ಆದರೆ ಪ್ರತಿ ಪ್ರಾಣಿಯನ್ನೂ ಪರೀಕ್ಷಿಸಬೇಕಿಲ್ಲ. ಮಂದೆಯ ಹತ್ತಾರು ಕುರಿಗಳ ಹಿಕ್ಕೆಯಲ್ಲಿ ಮ್ಯಾಕ್‌ಮಾಸ್ಟರ್ ವಿಧಾನದಿಂದ ಮೊಟ್ಟೆ ಎಣಿಸಿ, ಔಷಧಿ ಹಾಕಿದ 10ರಿಂದ 14 ದಿನಗಳ ಬಳಿಕ ಮತ್ತೆ ಎಣಿಸಿದರೆ ಔಷಧಿಯ ಶಕ್ತಿ ತಿಳಿಯುತ್ತದೆ. ಪಿತ್ತಜನಕಾಂಗದ ಹುಳು ಮೂರು ನಾಲ್ಕು ತಿಂಗಳು ಬಲಿಯುವವರೆಗೆ ಮೊಟ್ಟೆಯಿಡದಿರುವುದರಿಂದ ಪರೀಕ್ಷೆ ತಪ್ಪು ಭರವಸೆ ಕೊಟ್ಟೀತು ಎಂಬ ಎರಡನೆಯ ಆಕ್ಷೇಪ ನ್ಯಾಯವಾದದ್ದು. ಅದಕ್ಕಾಗಿಯೇ ನಾಲೆಯ ಊರುಗಳಲ್ಲಿ ಪರೀಕ್ಷೆಯ ಜೊತೆಗೆ ಬಸವನಹುಳುವಿನ ನೆಲೆಗಳ ಸಮೀಕ್ಷೆಯೂ ನಡೆಯಬೇಕು. ಕೆಲವು ಕುರಿಗಳಿಗೆ ಔಷಧಿ ಕೊಡದೆ ಬಿಡುವುದು ನಿರ್ದಯವಲ್ಲವೇ ಎಂಬುದು ಮೂರನೆಯದು. ಆದರೆ ಮಂದೆಯ ಹುಳುಗಳಲ್ಲಿ ಬಹುಪಾಲು ಕೆಲವೇ ಕುರಿಗಳಲ್ಲಿರುತ್ತವೆ. ದಕ್ಷಿಣ ಆಫ್ರಿಕದಲ್ಲಿ ರೂಪುಗೊಂಡ ಫಮಾಚ ಪಟ್ಟಿ ಒಳರೆಪ್ಪೆಯ ಬಣ್ಣವನ್ನು ಐದು ಹಂತಗಳಲ್ಲಿ ತೋರಿಸಿ ಅಂಥ ಕುರಿಗಳನ್ನು ಗುರುತಿಸಲು ನೆರವಾಗುತ್ತದೆ. ಉಣುಗಿನಿಂದ ಹರಡುವ ರೋಗಗಳಲ್ಲೂ ರಕ್ತಹೀನತೆ ಬರುವುದರಿಂದ ಪಟ್ಟಿಯೊಂದನ್ನೇ ನಂಬದೆ ಮೊಟ್ಟೆಯೆಣಿಕೆಯನ್ನೂ ಜೊತೆಗಿಡಬೇಕು. ಆರೋಗ್ಯವಂತ ಕುರಿಗಳನ್ನು ಬಿಟ್ಟು, ಬಿಳಿಚಿದವುಗಳಿಗೆ ತೂಕಕ್ಕೆ ತಕ್ಕ ಪೂರ್ಣ ಪ್ರಮಾಣ ಕೊಡುವುದೇ ಮಂದೆಯ ಮೇಲಿನ ನಿಜವಾದ ದಯೆ. ಔಷಧಿಯ ಬಲ ಉಳಿಯುವುದೂ ಅದರಿಂದಲೇ.

ಜಂತುನಾಶಕಗಳ ಬೆರಳೆಣಿಕೆಯ ವರ್ಗಗಳಷ್ಟೇ ನಮ್ಮ ಕೈಯಲ್ಲಿವೆ. ಒಮ್ಮೆ ಬಲಗುಂದಿದ ಔಷಧಿ ಅದೇ ಮಂದೆಯಲ್ಲಿ ಮತ್ತೆ ಬಲ ಪಡೆಯುವುದು ಬಹಳ ವಿರಳ. ಆದ್ದರಿಂದ ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಿಗೆ ಬಸವನಹುಳುವಿನ ಜಾಡು ಹಿಡಿದ ಪಂಚಾಂಗ, ಜಗಳೂರಿಗೆ ಮಳೆಯ ಜಾಡು ಹಿಡಿದ ಪಂಚಾಂಗ ಬೇರೆ ಬೇರೆಯಾಗಿ ಸಿದ್ಧವಾಗಬೇಕು. ಪಶುವೈದ್ಯರೂ ಸಂಶೋಧಕರೂ ಕುರಿಗಾಹಿಗಳೂ ಕೂಡಿ ಈ ಕೆಲಸಕ್ಕೆ ಕೈಹಾಕಲಿ.