ಮಿದುಳಿನ ಶಸ್ತ್ರಚಿಕಿತ್ಸೆಯೂ ಮೂರ್ಛೌಷಧದ ಅಳತೆಯೂ

ಶರೀರದ ನೋವನ್ನೆಲ್ಲ ಅರಿಯುವ ಮಿದುಳಿಗೆ ತನ್ನನ್ನೇ ಕೊಯ್ದರೆ ನೋವಿಲ್ಲ. ನೋಯುವುದು ನೆತ್ತಿಯ ಚರ್ಮ ಮತ್ತು ಮಿದುಳನ್ನು ಮುಸುಕಿದ ಪೊರೆ. ಆದುದರಿಂದ ತಲೆಯನ್ನು ತೆರೆಯುವ ವೈದ್ಯನಿಗೆ ನೋವನ್ನು ನೀಗಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ರಕ್ತಸ್ರಾವವನ್ನೂ ಊತವನ್ನೂ ತಡೆಯಬೇಕು. ಎಲುಬಿನ ಕರಂಡದೊಳಗೆ ಮಿದುಳು ಉಬ್ಬಲು ಎಡೆಯಿಲ್ಲ.

1846ರಲ್ಲಿ ಬಾಸ್ಟನ್ ನಗರದಲ್ಲಿ ಈಥರ್, 1847ರಲ್ಲಿ ಎಡಿನ್‌ಬರೋ ನಗರದಲ್ಲಿ ಕ್ಲೋರೋಫಾರಂ ಪ್ರಸಿದ್ಧಿಗೆ ಬಂದವು. ರೋಗಿಯು ಆವಿಯನ್ನು ಸೇದಿ ಮೈಮರೆತನೆಂದರೆ ಅಂದಿನವರಿಗೆ ಅದೇ ದೊಡ್ಡ ಲಾಭ. ಆ ಆವಿಯಿಂದ ಮಿದುಳಿಗೆ ಏನಾಗುವುದೆಂದು ವಿಚಾರಿಸಿದ ಮೊದಲಿಗರಲ್ಲಿ ಲಂಡನ್ನಿನ ವಿಕ್ಟರ್ ಹಾರ್ಸ್ಲಿ ಒಬ್ಬನು. ಈಥರ್ ರಕ್ತದ ಒತ್ತಡವನ್ನೇರಿಸಿ ಸ್ರಾವವನ್ನು ಹೆಚ್ಚಿಸುವುದೆಂದೂ, ಕ್ಲೋರೋಫಾರಂ ಆ ಒತ್ತಡವನ್ನು ತಗ್ಗಿಸುವುದೆಂದೂ ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಅವನು ಕಂಡುಕೊಂಡನು. 1886ರ ಮೇ 25ರಂದು ಕ್ವೀನ್ ಸ್ಕ್ವೇರ್ ಆಸ್ಪತ್ರೆಯಲ್ಲಿ, ಬಾಲ್ಯದ ಪೆಟ್ಟಿನಿಂದ ಅಪಸ್ಮಾರಕ್ಕೆ ತುತ್ತಾಗಿದ್ದ 22 ವರ್ಷದ ತರುಣನ ಮಿದುಳಿನಿಂದ ಕಲೆಗಟ್ಟಿದ ಭಾಗವನ್ನು ಅವನು ತೆಗೆದನು. ಮೊದಮೊದಲು ಕ್ಲೋರೋಫಾರಮ್ಮಿನೊಡನೆ ಮಾರ್ಫಿಯಾವನ್ನೂ ಕೊಡುತ್ತಿದ್ದವನು, ಅದರಿಂದ ಉಸಿರು ಕುಗ್ಗುವುದನ್ನು ಕಂಡು ಮುಂದೆ ಅದನ್ನು ಬಿಟ್ಟನು.

ಆದರೆ ಕ್ಲೋರೋಫಾರಂ ನಿರಪಾಯವಾದ ವಸ್ತುವಲ್ಲ. 1848ರಲ್ಲಿಯೇ ಕಾಲ್ಬೆರಳಿನ ಉಗುರನ್ನು ತೆಗೆಸಲು ಬಂದ 15 ವರ್ಷದ ಇಂಗ್ಲಿಷ್ ಬಾಲೆಯೊಬ್ಬಳು ಅದನ್ನು ಸೇದಿ ಪ್ರಾಣಬಿಟ್ಟಿದ್ದಳು. ರಕ್ತವನ್ನು ತಡೆಯುವ ಗುಣವೇ ಮಿತಿಮೀರಿದರೆ ಹೃದಯವನ್ನು ನಿಲ್ಲಿಸುವುದು. ಆದಕಾರಣ ಹಾರ್ಸ್ಲಿ ಅಳತೆಗೆ ಶರಣುಹೋದನು. ಆಕ್ಸ್‌ಫರ್ಡಿನ ರಸಾಯನಶಾಸ್ತ್ರಜ್ಞ ವರ್ನನ್ ಹಾರ್ಕೋರ್ಟ್ ನಿರ್ಮಿಸಿದ ಯಂತ್ರದಲ್ಲಿ ನೂರು ಪಾಲು ಗಾಳಿಗೆ ಎರಡು ಪಾಲಿಗಿಂತ ಹೆಚ್ಚು ಆವಿ ಬೆರೆಯುವಂತಿರಲಿಲ್ಲ.

ಅತ್ತ ಅಮೆರಿಕೆಯಲ್ಲಿ ಹಾರ್ವೆ ಕುಷಿಂಗ್ ವಿದ್ಯಾರ್ಥಿದೆಶೆಯಲ್ಲಿಯೇ, ಈಥರ್ ಕೊಡುವಾಗ ನಾಡಿಯನ್ನೂ ಉಸಿರನ್ನೂ ಬರೆದಿಡುವ ಪದ್ಧತಿಯನ್ನು ಮಿತ್ರ ಕಾಡ್‌ಮನ್ನನೊಡನೆ ಆರಂಭಿಸಿದನು. 1901ರಲ್ಲಿ ಇಟಲಿಯ ಪಾವಿಯಾದಲ್ಲಿ ರಕ್ತದೊತ್ತಡವನ್ನಳೆಯುವ ಪಟ್ಟಿಯನ್ನು ಕಂಡು ಸ್ವದೇಶಕ್ಕೆ ಒಯ್ದನು. ಹೀಗೆ ರೋಗಿಯ ನಿದ್ರೆಗೆ ಲೆಕ್ಕಪತ್ರವೊಂದು ಹುಟ್ಟಿತು.

1956ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮೊದಲು ಬಳಕೆಯಾದ ಹ್ಯಾಲೋಥೇನ್ ಉರಿಯದ ಔಷಧ. ಆದರೂ ಅದು ಮಿದುಳಿನ ನಾಳಗಳನ್ನು ಬಹಳವಾಗಿ ಹಿಗ್ಗಿಸುವುದು. ಅನಂತರ ಬಂದ ಐಸೋಫ್ಲುರೇನ್, ಸೀವೋಫ್ಲುರೇನ್‌ಗಳು ಮಿದುಳಿನ ಕೆಲಸವನ್ನು ತಗ್ಗಿಸಿ ಅದಕ್ಕೆ ಬೇಕಾದ ಆಮ್ಲಜನಕವನ್ನು ಕಡಿಮೆಮಾಡುವುವು. ಪ್ರಮಾಣ ಏರಿದರೆ ಅವೂ ನಾಳಗಳನ್ನು ಹಿಗ್ಗಿಸಿ ಒತ್ತಡವನ್ನು ಬೆಳೆಸುವುವು. ಪ್ರಾಣಿಗಳಲ್ಲಿ ಕಂಡ ರಕ್ಷಣೆಯು ಮನುಷ್ಯರಲ್ಲಿಯೂ ಸ್ಥಿರವಾಗಿ ಉಳಿಯುವುದೆಂದು ಇಂದಿಗೂ ಸಿದ್ಧವಾಗಿಲ್ಲ.

ಕಾಯುವುದೂ ಕೆಡಿಸುವುದೂ ಒಂದೇ ಆವಿ. ಅವೆರಡರ ನಡುವಣ ಅಂತರ ಅಳತೆಯದು. ನಿದ್ರಿಸುವವನ ಪರವಾಗಿ ಎಚ್ಚತ್ತಿರುವ ವೈದ್ಯನಿಗೆ ಹಾರ್ಸ್ಲಿ ಮತ್ತು ಕುಷಿಂಗರು ಬಿಟ್ಟುಹೋದ ಪಾಠ ಇದೇ.